ಹೈರಾಣ ಎಲ್ಲಿಂದ ಬಂತು?

ಅಕ್ಕ-ತಂಗೇರೇ, ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೆ ನಾವು ದಿನಾ ಅನ್ನೋ ‘ಹೈರಾಣ ಆಗೀನಿ’ ಅರಬ್ಬಿ ಮೂಲದ್ದು. ದಂಗಾಗೋದು ಅಂತ ಅದರ ಮೊದಲಿನ ಅರ್ಥ. ‘ಬೇಜಾರ’, ‘ಪರೇಶಾನ’ ಪಾರ್ಸಿವು. ಬೇಜಾರ ಮೈಸೂರು ಕಡೆನೂ ಅಂತಾರ ಬಿಡ್ರಿ. ಆದ್ರ ನಮ್ಮಲ್ಲಿ 1948ರ ಸೆಪ್ಟೆಂಬರ್ ತನಕ ನಿಜಾಮರ ಆಳ್ವಿಕಿ, ಸರಕಾರಿ ಕಚೇರಿ ಭಾಷಾ ಉರ್ದು. ನಮ್ಮಜ್ಜಿ ಉರ್ದು ಒಂದಕ್ಷರ ಕಲ್ತಾಕಿ ಅಲ್ಲ. ರೊಟ್ಟಿ ಬಡಿಯಾಗ ಹುಡುಗ್ರು ಕಾಡಿದ್ರ ‘ಪರೇಶಾನ ಮಾಡಬ್ಯಾಡ್ರಲೇ’ ಅಂತಿದ್ಲು.

ಈಗ ಹೊಸ ಸೊಸಿ ‘ಇರಿಟೇಟ್ ಆಗ್ತದ’ ಅಂದ್ರ ಅತ್ತೇರು ಹುಬ್ಬು ಗಂಟ ಹಾಕ್ತಾರ, ಇಂಗ್ಲಿಷ್ ಹಚ್ಚಿದಳು ಅಂತ. ಅವರ ಹೈರಾಣನೂ ಹೊರಗಿಂದನ ಬಂದದ್ದು, ಆ ಹುಡುಗೀನ ಯಾಕ ಬೈಬೇಕು? ಇನ್ನ ‘ಸಾಕಾಗಿ ಹೋಗ್ಯಾದ’ ಮಾತ್ರ ಅಚ್ಚಗನ್ನಡ. ಅದನ್ನ ಅತ್ತಿ-ಸೊಸಿ ಇಬ್ರೂ ಅಂತಾರ.