ಇಲಿ ಬಿದ್ದರೆ ಊರು ಬಿಡಬೇಕು

ಪ್ಲೇಗಿನ ಕಾಲವನ್ನು ಕಂಡಿದ್ದ ಹಿಂದಿನ ತಲೆಮಾರಿನವರಿಗೆ ‘ಇಲಿ ಬಿತ್ತು’ ಎಂಬ ಮಾತಿಗೆ ವಿವರಣೆ ಬೇಕಿರಲಿಲ್ಲ. ಸೂರಿನಿಂದ ಇಲಿ ಸತ್ತು ಬಿದ್ದರೆ ಪಾತ್ರೆ ಪಡಗ, ರಾಗಿ ಚೀಲ, ದನಕರುಗಳೊಡನೆ ಹೊಲಕ್ಕೋ ತೋಪಿಗೋ ಹೊರಡಬೇಕು ಎಂದೇ ಅದರ ಅರ್ಥ. ಅಲ್ಲಿ ಗುಡಿಸಲು ಹಾಕಿಕೊಂಡು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇದ್ದು, ಊರಿನಲ್ಲಿ ರೋಗ ಇಳಿದ ಮೇಲೆ ಮರಳುತ್ತಿದ್ದರು. ಸಾಂಕ್ರಾಮಿಕ ರೋಗವೋ ಜೈವಿಕ ದಾಳಿಯೋ ಬಂದೆರಗಿದರೆ ಕುಟುಂಬಗಳು ಹೇಗೆ ಸಜ್ಜಾಗಿರಬೇಕೆಂದು ಹೇಳುವ ಕೈಪಿಡಿಗಳು ಇಂದು ಇವೆ. ಆ ಹಳ್ಳಿಗರಿಗೆ ಇದ್ದುದು ಒಂದು ಮುನ್ಸೂಚನೆ ಮತ್ತು ಹೋಗಲೊಂದು ಜಾಗ, ಅಷ್ಟೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಈ ನಡುವೆ, 1897ರಲ್ಲಿ, ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತ್ತು. ಅದರ ಬಲದಿಂದ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು, ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಸಾಗಿಸಿದರು. ಆ ವರ್ಷದ ಜೂನ್ 22ರಂದು ಅಲ್ಲಿನ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ್ದು ಮನೆಗಳ ಒಳಗೆ ನಡೆದದ್ದು. ಜನ ರೋಗಿಯನ್ನು ಬಚ್ಚಿಡತೊಡಗಿದರು, ಸಾವನ್ನು ಮುಚ್ಚಿಟ್ಟರು. ಯಾರಿಗೆ ಮೊದಲು ಸುದ್ದಿ ಮುಟ್ಟಿಸಬೇಕಿತ್ತೋ ಅವರ ಭಯವೇ ರೋಗದ ಭಯಕ್ಕಿಂತ ದೊಡ್ಡದಾಯಿತು.

ಮೈಸೂರು ಸಂಸ್ಥಾನದಲ್ಲಿ ವಿ.ಪಿ. ಮಾಧವರಾಯರು ಪ್ಲೇಗು ಕಮಿಷನರ್ ಆದರು. ಇಲ್ಲಿಯೂ ಶಿಬಿರಗಳಿದ್ದವು, ಜನರಿಗೆ ಅವುಗಳ ಭಯವೂ ಇತ್ತು. ಬಲವಂತ ಫಲಿಸದೆ ಹೋದಾಗ ಆಡಳಿತಗಳು ನಿಧಾನವಾಗಿ, ಜನ ತಾವಾಗಿ ಊರು ಬಿಡುವುದನ್ನೂ ಚುಚ್ಚುಮದ್ದನ್ನೂ ನೆಚ್ಚಿಕೊಂಡವು. ಹಾಫ್‌ಕಿನ್ ತಯಾರಿಸಿದ ಆ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು.

ಊರು ಬಿಡುವುದು ಏಕೆ ಫಲಿಸುತ್ತಿತ್ತು? ಪ್ಲೇಗನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟ ಬೇರೆ ಬಿಸಿರಕ್ತವನ್ನು ಹುಡುಕುತ್ತದೆ. ಹತ್ತಿರದಲ್ಲೇ ಇಲಿ ಸಿಗದಿದ್ದರೆ ಮಲಗಿದ ಮನುಷ್ಯನೇ ಸಿಗುತ್ತಾನೆ. ಆ ಹೊತ್ತಿಗೆ ಮನೆ ಖಾಲಿಯಾಗಿದ್ದರೆ ಸರಪಳಿ ಕಡಿಯುತ್ತದೆ. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಇದನ್ನು ಕಂಡುಕೊಂಡಿದ್ದು 1898ರಲ್ಲಿ, ಕರಾಚಿಯಲ್ಲಿ. ಅವನ ಮಾತನ್ನು ಉಳಿದ ವಿಜ್ಞಾನಿಗಳು ಒಪ್ಪಲು ವರ್ಷಗಳೇ ಹಿಡಿದವು. ಚರಂಡಿಗೆ ಕಾರ್ಬಾಲಿಕ್ ಸುರಿಯುತ್ತಿದ್ದ ಅಧಿಕಾರಿಗಳಿಗೆ ತಿಳಿಯದ್ದು ಗುಡಿಸಲು ಕಟ್ಟುತ್ತಿದ್ದವರಿಗೂ ತಿಳಿದಿರಲಿಲ್ಲ. ಆದರೆ ಅವರು ಇಲಿಯನ್ನು ಗಮನಿಸಿದ್ದರು.

ಎಲ್ಲರೂ ಗಮನಿಸಿದರೆಂದೇನೂ ಅಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ (1965) ಅಗ್ರಹಾರದಲ್ಲಿ ಇಲಿಗಳು ಸಾಯುತ್ತಲೇ ಇರುತ್ತವೆ. ಜನರ ಚಿಂತೆಯೆಲ್ಲ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದರ ಸುತ್ತ. ಇನ್ನು ಊರು ಬಿಡುವುದೂ ಎಲ್ಲರಿಗೂ ಸಾಧ್ಯವಿರಲಿಲ್ಲ. ಹೊಲವಿದ್ದವರಿಗೆ ಹೊಲವಿತ್ತು. ಪೇಟೆಯ ಇಕ್ಕಟ್ಟಿನ ಓಣಿಯಲ್ಲಿ ದಿನಗೂಲಿಯಿಂದ ಬದುಕುತ್ತಿದ್ದವರು ಎಲ್ಲಿಗೆ ಹೋಗಬೇಕು?

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಬಸವನಗುಡಿ ಮತ್ತು ಮಲ್ಲೇಶ್ವರ. ಮೊದಲೇ ಯೋಚಿಸಿದ್ದ ಈ ಬಡಾವಣೆಗಳಿಗೆ ಪ್ಲೇಗು ವೇಗ ಕೊಟ್ಟಿತು. ಅಗಲ ರಸ್ತೆ, ನಿವೇಶನದ ಸುತ್ತ ಗಾಳಿ ಬೆಳಕು, ಹಿತ್ತಿಲ ಹಿಂದೆ ಕಸ ಸಾಗಿಸುವ ಓಣಿ. ಅಲ್ಲಿ ನಿವೇಶನ ಕೊಳ್ಳಬಲ್ಲವರು ಹೋದರು. ಉಳಿದವರು ಪೇಟೆಯಲ್ಲೇ ಉಳಿದರು. ಹಲವೆಡೆ ಪ್ಲೇಗ್ ಮಾರಮ್ಮನಿಗೆ ಗುಡಿಗಳೆದ್ದವು. ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಪೂಜೆ ನಡೆಯುತ್ತಿದೆ.