ಅತ್ತಿಮಬ್ಬೆಯ ಸಾವಿರ ಪ್ರತಿ

ನಮ್ಮೂರು ಕುರಕುಂಟಾ ಅಂದ್ರೆ ಹೊರಗಿನವರಿಗೆ ನೆನಪಾಗೋದು ಸಿಮೆಂಟ್ ಫ್ಯಾಕ್ಟರಿ, ಅದೂ ಬಾಗಿಲು ಮುಚ್ಚಿದ್ದು. ಅದೇ ಸೇಡಂ ತಾಲ್ಲೂಕಿನ ಮಳಖೇಡ ಅಂದ್ರೆ ಕಾಗಿಣಾ ದಂಡೆಯ ಕೋಟೆ, ರಾಷ್ಟ್ರಕೂಟರು, ಕವಿರಾಜಮಾರ್ಗ. ಶಾಲೆಯಲ್ಲಿ ಓದಿದ್ದು ಬರೀ ರಾಜರ ಕಥೆ. ಆ ರಾಜಧಾನಿಯ ಜೊತೆ ನಂಟಿದ್ದ ಅಕ್ಕತಂಗಿಯರ ಕಥೆ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ.

ಮಳಖೇಡದ ದೊರೆ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಕವಿ ಪೊನ್ನ ಇದ್ದ. ಅವನ ಕೈಲಿ ಶಾಂತಿಪುರಾಣ ಬರೆಸಿದವರು ವೆಂಗಿ ಕಡೆಯ ಜೈನ ಅಣ್ಣತಮ್ಮಂದಿರು, ಮಲ್ಲಪಯ್ಯ ಮತ್ತು ಪುನ್ನಮಯ್ಯ. ತಮ್ಮ ಗುರು ಜಿನಚಂದ್ರದೇವನ ನೆನಪಿಗೆ ಬರೆಸಿದ್ದು. ಈ ಮಲ್ಲಪಯ್ಯನ ಹೆಣ್ಣುಮಕ್ಕಳೇ ಅತ್ತಿಮಬ್ಬೆ, ಗುಂಡಮಬ್ಬೆ.

972ರಲ್ಲಿ ಪರಮಾರರ ಸೀಯಕ ಮಳಖೇಡವನ್ನು ಲೂಟಿ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ಅಧಿಕಾರ ಹಿಡಿದ. ಅಕ್ಕತಂಗಿ ಇಬ್ಬರೂ ಸೊಸೆಯರಾಗಿ ಹೋದದ್ದು ತೈಲಪನ ಮಂತ್ರಿ ಧಲ್ಲಪನ ಮನೆಗೆ. ಗಂಡ ಒಬ್ಬನೇ, ಧಲ್ಲಪನ ಮಗ ನಾಗದೇವ.

ನಾಗದೇವ ತೀರಿಕೊಂಡಾಗ ಗುಂಡಮಬ್ಬೆ ಅವನ ಜೊತೆ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗ ಇದ್ದ, ಅವನನ್ನು ಬೆಳೆಸಬೇಕಿತ್ತು. ಆದರೆ ಮಗ ಅಷ್ಟೇ ಕಾರಣ ಅಂತ ನನಗೆ ಅನಿಸಲ್ಲ. ಯಾಕಂದ್ರೆ ಆಮೇಲೆ ಅವಳು ಮಾಡಿದ ಕೆಲಸ ನೋಡ್ರಿ.

ಅಪ್ಪ ಬರೆಸಿದ್ದ ಶಾಂತಿಪುರಾಣವನ್ನು ಅವಳು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚುಯಂತ್ರ ಇಲ್ಲದ ಕಾಲ ಅದು. ಒಂದೊಂದು ಓಲೆಗರಿಯನ್ನೂ ಹದ ಮಾಡಿ, ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಮಸಿ ಸವರಬೇಕು. ಒಂದು ಕಾವ್ಯಕ್ಕೆ ಎಷ್ಟು ಗರಿ, ಸಾವಿರಕ್ಕೆ ಎಷ್ಟು ಕೈ! ಪೊನ್ನನ ಭುವನೈಕರಾಮಾಭ್ಯುದಯ ಇವತ್ತು ಸಿಕ್ಕಿಲ್ಲ, ಶಾಂತಿಪುರಾಣ ಉಳಿದಿದೆ. ಇದು ಬರೀ ಅದೃಷ್ಟ ಅಂತ ಹೇಳೋಕೆ ನನಗೆ ಮನಸ್ಸಿಲ್ಲ.

ಜಿನಬಿಂಬಗಳನ್ನು ಮಾಡಿಸಿ ದಾನ ಕೊಟ್ಟಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಲ್ಲಿನ 1007ರ ಶಾಸನದಲ್ಲಿ ಅವಳ ಹೆಸರಿದೆ. ಅಣ್ಣಿಗ ದೊಡ್ಡವನಾಗಿ ಪಡೆವಳ ತೈಲ ಅಂತ ಹೆಸರಾದ. ಅತ್ತಿಮಬ್ಬೆಗೆ ‘ದಾನಚಿಂತಾಮಣಿ’ ಅನ್ನೋ ಬಿರುದು ಅಂಟಿತು. ಸರ್ಕಾರ ಇವತ್ತು ಅದೇ ಹೆಸರಲ್ಲಿ ಪ್ರಶಸ್ತಿ ಕೊಡುತ್ತೆ.

ತಂಗಿ ಹೆಸರಲ್ಲಿ ಏನೂ ಇಲ್ಲ. ಆದರೆ 993ರಲ್ಲಿ ಅತ್ತಿಮಬ್ಬೆ ಕವಿ ರನ್ನನ ಕೈಲಿ ಅಜಿತಪುರಾಣ ಬರೆಸಿದಳಲ್ಲ, ಅದರಲ್ಲಿ ತನ್ನ ಮನೆತನದ ಕಥೆಯೂ ಬಂತು. ಗುಂಡಮಬ್ಬೆ ಅಂತ ಒಬ್ಬಳಿದ್ದಳು ಅನ್ನೋದು ನಮಗೆ ತಿಳಿಯೋದು ಅಕ್ಕ ಬರೆಸಿದ ಆ ಪುಸ್ತಕದಿಂದ.