ಪಾಠದ ಕೋಣೆಯೂ ಪುಸ್ತಕದ ಕೋಣೆಯೂ

1952ನೆಯ ಇಸವಿಯಲ್ಲಿ ಭಾರತ ಸರ್ಕಾರವು ಡಾಕ್ಟರ್ ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ ಪ್ರೌಢಶಿಕ್ಷಣದ ಆಯೋಗವೊಂದನ್ನು ನೇಮಿಸಿತು. ಮರುವರ್ಷ ಹೊರಬಂದ ಅದರ ವರದಿಯಲ್ಲಿ ನಮ್ಮ ಪಾಠಶಾಲೆಗಳ ಪುಸ್ತಕಭಂಡಾರಗಳನ್ನು ಕುರಿತ ಭಾಗವು ಚಿಕ್ಕದಾದರೂ ಬಹು ನಿಷ್ಠುರವಾದುದು. ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಗೆ ಹೊಂದದವು. ಕಳಾಹೀನವಾದ ಕೋಣೆಯೊಂದರಲ್ಲಿ, ಬೀರುಗಳಲ್ಲಿ ಅವುಗಳ ವಾಸ. ಅವುಗಳ ಹೊಣೆ ಗುಮಾಸ್ತರದೋ, ಆ ಕೆಲಸದಲ್ಲಿ ಮನಸ್ಸಿಲ್ಲದ ಉಪಾಧ್ಯಾಯರೊಬ್ಬರದೋ ಆಗಿರುವುದು. ವರದಿಯು ಕಂಡ ಸ್ಥಿತಿ ಇದು. ಇದಕ್ಕೆ ಆಯೋಗವು ಸೂಚಿಸಿದ ಪರಿಹಾರವೆಂದರೆ ಪ್ರೌಢಶಾಲೆಗೊಬ್ಬ ಶಿಕ್ಷಣ ಪಡೆದ ಗ್ರಂಥಪಾಲ, ಮತ್ತು ಶಾಲೆಯ ಬುದ್ಧಿಜೀವನಕ್ಕೆ ಕೇಂದ್ರವಾಗಿ ನಿಲ್ಲುವ ಗ್ರಂಥಾಲಯ.

ಯೋಗ್ಯನಾದವನೊಬ್ಬನನ್ನು ನೇಮಿಸಿದ ಮಾತ್ರಕ್ಕೆ ಗ್ರಂಥಾಲಯವು ಶಾಲೆಯ ಕೇಂದ್ರವಾದೀತೆ? ಈ ಪ್ರಶ್ನೆಗೆ ಉತ್ತರವನ್ನು ಊಹೆಯಿಂದ ಹೇಳಬೇಕಾಗಿಲ್ಲ. ನಮಗಿಂತ ಅರ್ಧ ಶತಮಾನ ಮೊದಲೇ ಈ ದಾರಿಯಲ್ಲಿ ಕಾಲಿಟ್ಟು, ಎಡವಿ, ಎದ್ದು ನಡೆದ ದೇಶವೊಂದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದ ಆ ಚರಿತ್ರೆಯನ್ನೇ ಇಂದು ನಾವು ಸ್ವಲ್ಪ ಅವಲೋಕಿಸೋಣ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ಇರಾಸ್ಮಸ್ ಹಾಲ್ ಎಂಬ ಪ್ರೌಢಶಾಲೆ. 1900ರಲ್ಲಿ ಅಲ್ಲಿಗೆ ಮೇರಿ ಕಿಂಗ್ಸ್‌ಬರಿ ಎಂಬಾಕೆ ಗ್ರಂಥಪಾಲಕಿಯಾಗಿ ಬಂದರು. ಗ್ರಂಥಾಲಯದ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿತು ಆ ದೇಶದ ಪ್ರೌಢಶಾಲೆಯೊಂದರಲ್ಲಿ ನೇಮಕ ಪಡೆದವರಲ್ಲಿ ಅವರೇ ಮೊದಲಿಗರೆಂದು ಎಣಿಕೆ. ಮೂರು ವರ್ಷಗಳ ತರುವಾಯ ಅದೇ ಬ್ರೂಕ್ಲಿನ್ನಿನ ಬಾಲಿಕಾ ಪ್ರೌಢಶಾಲೆಗೆ ಮೇರಿ ಹಾಲ್ ಬಂದರು. 1944ರವರೆಗೆ, ಎಂದರೆ ನಾಲ್ವತ್ತು ವರ್ಷಕ್ಕೂ ಮೇಲ್ಪಟ್ಟು, ಒಂದೇ ಶಾಲೆಯಲ್ಲಿ ಅವರ ಸೇವೆ ನಡೆಯಿತು. 1915ರಲ್ಲಿ ಗ್ರಂಥಪಾಲರ ಪತ್ರಿಕೆಯೊಂದಕ್ಕೆ ಅವರು ಬರೆದ ಪ್ರಬಂಧವು ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ರಸಾಯನಶಾಸ್ತ್ರದ ಉಪಾಧ್ಯಾಯನಿಗೆ ಪ್ರಯೋಗಶಾಲೆ ಹೇಗೋ ಹಾಗೆ ಎಲ್ಲ ವಿಷಯಗಳ ಉಪಾಧ್ಯಾಯರಿಗೂ ಗ್ರಂಥಾಲಯವು ಪ್ರಯೋಗಶಾಲೆಯಾಗಬೇಕೆಂಬುದು ಅವರ ಮತ. ಅದಕ್ಕಾಗಿ ಅವರು ಬಯಸಿದುದು ಗ್ರಂಥಾಲಯಕ್ಕೆ ಹೊಂದಿಕೊಂಡಂತೆ ಇನ್ನೊಂದು ಕೋಣೆ. ಅಲ್ಲಿ ಭೂಪಟಗಳು, ಚಿತ್ರಗಳು, ಬೆಳಕಿನ ಚಿತ್ರಗಳನ್ನು ತೋರಿಸುವ ಲ್ಯಾಂಟರ್ನು. ಚರಿತ್ರೆಯ ಅಥವಾ ಸಾಹಿತ್ಯದ ಉಪಾಧ್ಯಾಯರು ತಮ್ಮ ತರಗತಿಯನ್ನು ಅಲ್ಲಿಗೆ ಕರೆತಂದು ಗ್ರಂಥಪಾಲಕಿಯ ಸಹಾಯದಿಂದ ಪಾಠವನ್ನು ನಡೆಸುವುದು. ಆ ಕೋಣೆಗೆ ತರಗತಿಯ ಬಿಗಿ ಇರಕೂಡದು.

ಈ ಸಣ್ಣ ಏರ್ಪಾಟಿನಲ್ಲಿ ದೊಡ್ಡದೊಂದು ತಿಳಿವಳಿಕೆ ಅಡಗಿದೆಯೆಂದು ನಮಗೆ ತೋರುತ್ತದೆ. ಉಪಾಧ್ಯಾಯನು ತನ್ನ ತರಗತಿಯಲ್ಲಿ ರಾಜ. ಗ್ರಂಥಪಾಲನು ತನ್ನ ಬೀರುಗಳ ನಡುವೆ ರಾಜ. ರಾಜರಿಬ್ಬರು ಸಂಧಿಸಲು ಯಾರೊಬ್ಬರದೂ ಅಲ್ಲದ ನೆಲ ಬೇಕಾಗುತ್ತದೆ.

1920ರಲ್ಲಿ ಪ್ರೌಢಶಾಲೆಯ ಗ್ರಂಥಾಲಯಗಳಿಗೆ ರಾಷ್ಟ್ರಮಟ್ಟದ ಮೊದಲ ಪ್ರಮಾಣಗಳು ಪುಸ್ತಕರೂಪದಲ್ಲಿ ಹೊರಟುವು. ಅದನ್ನು ಸಿದ್ಧಪಡಿಸಿದ ಸಮಿತಿಯ ಮುಖ್ಯಸ್ಥರಾದ ಸರ್ಟನ್ ಎಂಬುವರು ಗ್ರಂಥಪಾಲರಾಗಿರಲಿಲ್ಲ. ಡೆಟ್ರಾಯಿಟ್ ನಗರದ ಇಂಗ್ಲಿಷ್ ಉಪಾಧ್ಯಾಯರಾಗಿದ್ದರು. ಸ್ಥಳವೆಷ್ಟು, ಪುಸ್ತಕಗಳೆಷ್ಟು, ಹಣವೆಷ್ಟು ಎಂಬುದೆಲ್ಲ ಅಲ್ಲಿ ನಿಗದಿಯಾಯಿತು. ಆದರೆ ಇಬ್ಬರು ಮನುಷ್ಯರು ಕೂಡಿ ಆಲೋಚಿಸುವುದನ್ನು ಅಳತೆಗೋಲಿನಿಂದ ನಿಗದಿ ಮಾಡುವುದೆಂತು? ಬಹುಕಾಲ ಬಹು ಶಾಲೆಗಳಲ್ಲಿ ನಡೆದದ್ದು ಬೇರೆಯೇ. ಗ್ರಂಥಪಾಲರು ತಮ್ಮದೇ ಆದ ಪಾಠವನ್ನು ಹೂಡಿದರು. ಸೂಚೀಪತ್ರವನ್ನು ನೋಡುವ ಬಗೆ, ಡ್ಯೂಯಿಯ ದಶಾಂಶ ಸಂಖ್ಯೆಗಳ ಅರ್ಥ, ವಿಶ್ವಕೋಶದಲ್ಲಿ ಹುಡುಕುವ ಕ್ರಮ, ಇವೇ ಆ ಪಾಠದ ವಿಷಯಗಳು. ಹುಡುಕಬೇಕಾದ ವಸ್ತುವೇ ಇಲ್ಲದವನಿಗೆ ಹುಡುಕುವ ವಿದ್ಯೆಯನ್ನು ಕಲಿಸಿದರೆ ಅದು ನೀರಿಲ್ಲದೆ ಈಜು ಕಲಿಸಿದಂತೆಯೇ ಸರಿ.

ಈ ಕೊರತೆಯನ್ನು ಕಂಡು ಅದಕ್ಕೆ ಪ್ರಯೋಗಪೂರ್ವಕವಾಗಿ ಉತ್ತರ ಹುಡುಕಿದ ವಿದುಷಿ ಪೆಟ್ರಿಷಿಯಾ ನ್ಯಾಪ್. ಇಲಿನಾಯ್ ಸಂಸ್ಥಾನದ ನಾಕ್ಸ್ ಕಾಲೇಜಿನಲ್ಲಿ ಅವರು ಪುಸ್ತಕಗಳ ಎರವಲನ್ನು ಪರೀಕ್ಷಿಸಿದಾಗ ಕೆಲವೇ ಪಾಠಕ್ರಮಗಳಿಂದ ಬಹುಪಾಲು ಎರವಲು ಹುಟ್ಟುತ್ತಿದ್ದುದು ಕಂಡಿತು. ವಿದ್ಯಾರ್ಥಿಯು ಪುಸ್ತಕದ ಕೋಣೆಗೆ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ತರಗತಿಯಲ್ಲಿಯೇ ನಿರ್ಧಾರವಾಗುತ್ತದೆಂದು ಇದರ ಅರ್ಥ. ಮುಂದೆ ಡೆಟ್ರಾಯಿಟ್‌ನ ವೇಯ್ನ್ ಸಂಸ್ಥಾನ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಾಂಟೀತ್ ಕಾಲೇಜಿನಲ್ಲಿ, 1960ರಿಂದ 1962ರವರೆಗೆ, ಅವರ ನೇತೃತ್ವದಲ್ಲಿ ಪ್ರಯೋಗ ನಡೆಯಿತು. ಕಾಲೇಜು ಆಗತಾನೆ ತೆರೆದುದು. ಹಳೆಯ ಪದ್ಧತಿಯ ಭಾರವಿಲ್ಲ. ಪಾಠಕ್ರಮವನ್ನು ರಚಿಸುವಾಗಲೇ ಗ್ರಂಥಪಾಲರು ಅಧ್ಯಾಪಕರ ಜೊತೆಯಲ್ಲಿ ಕುಳಿತು, ಯಾವ ಪಾಠಕ್ಕೆ ಯಾವ ಬಗೆಯ ಹುಡುಕಾಟ ಸೇರಬೇಕೆಂದು ಯೋಚಿಸುವುದು ಅದರ ತಿರುಳು.

ಫಲ? ನಿರೀಕ್ಷಿಸಿದಷ್ಟು ದೊರೆಯಲಿಲ್ಲ. ಅಧ್ಯಾಪಕರಿಗೆ ತಮ್ಮ ವಿಷಯದ ಮೇಲೆಯೇ ಗಮನ. ಗ್ರಂಥಾಲಯದ ಕೆಲಸವು ಹಲವರ ಕಣ್ಣಿಗೆ ಅಂಚಿಗೆ ಸೇರಿಸಿದ ಜರಿಯಂತೆ ಕಂಡಿತು. ಅಧ್ಯಾಪಕರಿಗೆ ಅಂಚಾದುದು ವಿದ್ಯಾರ್ಥಿಗಳಿಗೂ ಅಂಚೇ ಆಗುವುದು ಸಹಜ. 1966ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನ್ಯಾಪ್ ಇದನ್ನು ಮುಚ್ಚಿಡದೆ ಬರೆದರು. ಜಯಗಳನ್ನೇ ಪಟ್ಟಿಮಾಡುವ ವರದಿಗಳು ಎಲ್ಲ ದೇಶಗಳಲ್ಲಿಯೂ ಬೇಕಾದಷ್ಟಿವೆ. ಅವುಗಳ ನಡುವೆ ಈ ಗ್ರಂಥ ಅಪರೂಪದ್ದೆಂದೇ ನಮ್ಮ ಭಾವನೆ. ಅನಂತರದ ಕಾರ್ಯಕರ್ತರು ಅದರಿಂದ ಕಲಿತಷ್ಟು ಬೇರೆ ಯಶೋಗಾಥೆಯಿಂದ ಕಲಿತಿರಲಾರರು.

ಅಷ್ಟರಲ್ಲಿ ಈ ವಿದ್ಯೆಗೊಂದು ಹೊಸ ಹೆಸರು ಹುಟ್ಟಿತು. 1974ರಲ್ಲಿ ಪಾಲ್ ಜುರ್ಕೋವ್ಸ್ಕಿ ಎಂಬುವರು 'ಮಾಹಿತಿ ಸಾಕ್ಷರತೆ' ಎಂಬ ಅರ್ಥದ ಪದವನ್ನು ಬಳಕೆಗೆ ತಂದರು. ಅವರು ಉಪಾಧ್ಯಾಯರೂ ಅಲ್ಲ, ಗ್ರಂಥಪಾಲರೂ ಅಲ್ಲ. ಮಾಹಿತಿಯ ಉದ್ಯಮದವರ ಸಂಘಕ್ಕೆ ಅಧ್ಯಕ್ಷರು. ಪದವನ್ನು ವಿದ್ಯಾಶಾಲೆಗಳವರು ಎತ್ತಿಕೊಂಡರು. 1989ರಲ್ಲಿ ಅಮೆರಿಕಾದ ಗ್ರಂಥಾಲಯ ಸಂಘದ ಸಮಿತಿಯೊಂದು ಅದಕ್ಕೆ ಲಕ್ಷಣವನ್ನು ಹೇಳಿತು: ಮಾಹಿತಿ ಬೇಕಾಗಿದೆಯೆಂದು ಅರಿಯುವುದು, ಅದನ್ನು ಹುಡುಕಿ ಪಡೆಯುವುದು, ಅದರ ಸತ್ತ್ವವನ್ನು ತೂಗಿ ನೋಡುವುದು, ಸಾರ್ಥಕವಾಗಿ ಬಳಸುವುದು. ಈ ಲಕ್ಷಣವನ್ನು ಬಿಡಿಸಿ ನೋಡಿದರೆ, ಬೇಕೆಂಬ ಅರಿವು ಪಾಠದಲ್ಲಿ ಹುಟ್ಟತಕ್ಕದ್ದು, ಹುಡುಕುವ ಬಗೆ ಗ್ರಂಥಪಾಲನಿಗೆ ತಿಳಿದದ್ದು, ತೂಗಿ ನೋಡಲು ಇಬ್ಬರ ತಿಳಿವೂ ಅಗತ್ಯವಾದದ್ದು. ಒಬ್ಬರೇ ಪೂರ್ತಿಯಾಗಿ ಕಲಿಸಬಲ್ಲ ವಿದ್ಯೆ ಇದಲ್ಲ.

ಈ ಮಾತನ್ನು ಶಾಲೆಯ ಒಳಗಿನಿಂದಲೇ ತೋರಿಸಿಕೊಟ್ಟವರು ಕ್ಯಾರಲ್ ಕೂಲ್ಥಾವ್. ನ್ಯೂಜೆರ್ಸಿ ಸಂಸ್ಥಾನದ ಪ್ರೌಢಶಾಲೆಯೊಂದರಲ್ಲಿ ಅವರು ಗ್ರಂಥಪಾಲಕಿಯಾಗಿದ್ದರು. ಎಂಬತ್ತರ ದಶಕದ ಆರಂಭದಲ್ಲಿ, ಇಂಗ್ಲಿಷ್ ತರಗತಿಯ ಹಿರಿಯ ವಿದ್ಯಾರ್ಥಿಗಳು ದೀರ್ಘಪ್ರಬಂಧವನ್ನು ಬರೆಯುವ ಉದ್ದಕ್ಕೂ ಅವರ ಆಲೋಚನೆಯನ್ನೂ ಮನಸ್ಸಿನ ಸ್ಥಿತಿಯನ್ನೂ ಹಿಂಬಾಲಿಸಿದರು. ವಿದ್ಯಾರ್ಥಿಗಳು ದಿನಚರಿ ಬರೆದರು. ಅವರೊಡನೆ ಸಂಭಾಷಣೆಗಳು ನಡೆದುವು. ಕೆಲಸ ವಹಿಸಿದಾಗ ಅನಿಶ್ಚಯ, ವಿಷಯ ಗೊತ್ತಾದಾಗ ಉತ್ಸಾಹ. ಇಲ್ಲಿಯವರೆಗೆ ಯಾರೂ ಊಹಿಸಬಹುದಾದುದೇ. ಆದರೆ ಪುಸ್ತಕಗಳನ್ನು ಬಿಚ್ಚಿ ಓದತೊಡಗಿದ ಮೇಲೆ ಉತ್ಸಾಹವು ಏರುವುದರ ಬದಲು ಕುಸಿಯಿತು. ಒಂದು ಪುಸ್ತಕ ಹೇಳಿದ್ದು ಇನ್ನೊಂದಕ್ಕೆ ಹೊಂದದು. ತಾನು ಹೊರಟ ಪ್ರಶ್ನೆಯೇ ಸರಿಯೋ ತಪ್ಪೋ ತಿಳಿಯದು. ಉಳಿದವರಿಗೆಲ್ಲ ಸುಲಭವಾದುದು ತನಗೊಬ್ಬನಿಗೆ ಕಷ್ಟವಾಗಿದೆಯೆಂಬ ಸಂಕೋಚ ಬೇರೆ. ತನ್ನದೆಂಬ ದೃಷ್ಟಿಯೊಂದು ಕಟ್ಟಿಕೊಂಡ ಮೇಲೆಯೇ ಮನಸ್ಸು ತಿಳಿಯಾಗುತ್ತಿತ್ತು. ಕೆಲವರಿಗೆ ಅದು ಕಡೆಯವರೆಗೂ ಕಟ್ಟಿಕೊಳ್ಳಲೇ ಇಲ್ಲ.

ಸಾಮಾನ್ಯವಾಗಿ ಸಹಾಯ ದೊರೆಯುವುದು ಎಲ್ಲಿ? ಆರಂಭದಲ್ಲಿ ಗ್ರಂಥಪಾಲನು ಪುಸ್ತಕವನ್ನು ತೋರಿಸಿ ಸುಮ್ಮನಾಗುವನು. ಕಡೆಯಲ್ಲಿ ಉಪಾಧ್ಯಾಯನು ಪ್ರಬಂಧವನ್ನು ತಿದ್ದಿ ಅಂಕ ಕೊಡುವನು. ಹುಡುಗನು ಕಾಡಿನಲ್ಲಿ ದಾರಿ ತಪ್ಪಿ ನಿಂತ ನಡುವಿನ ದಿನಗಳಲ್ಲಿ ಇಬ್ಬರೂ ಇಲ್ಲ. ಗ್ರಂಥಾಲಯವಿದ್ದೂ, ಉಪಾಧ್ಯಾಯರಿದ್ದೂ, ಪುಟಗಳನ್ನು ನಕಲು ಮಾಡಿ ಒಪ್ಪಿಸುವ ಅಭ್ಯಾಸ ಏಕೆ ಹೋಗುವುದಿಲ್ಲವೆಂಬುದಕ್ಕೆ ಒಂದು ಕಾರಣವನ್ನು ಇಲ್ಲಿ ಕಾಣಬಹುದು. ಇಂದು ಪುಟಗಳ ಬದಲು ಅಂತರಜಾಲವೂ ಕೃತಕ ಬುದ್ಧಿಯ ಯಂತ್ರಗಳೂ ಬಂದಿವೆ. ನಕಲಿನ ಶ್ರಮ ಕಡಮೆಯಾಯಿತೇ ಹೊರತು ನಡುವಿನ ಕಾಡು ಕಡಮೆಯಾಗಲಿಲ್ಲ.

ನಮ್ಮ ನಾಡಿಗೂ ಈ ವಿಚಾರಕ್ಕೂ ಇರುವ ಸಂಬಂಧ ಇಲ್ಲಿ ಸ್ಮರಣೀಯ. ಭಾರತದ ಗ್ರಂಥಾಲಯಶಾಸ್ತ್ರಕ್ಕೆ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಉಪಾಧ್ಯಾಯರು. 1917ರಲ್ಲಿ ಅವರ ವೃತ್ತಿ ಆರಂಭವಾದುದು ಮಂಗಳೂರಿನ ಸರ್ಕಾರೀ ಕಾಲೇಜಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದಾಗ ಆ ಕೋಣೆಯ ಏಕಾಂತವನ್ನು ಸಹಿಸಲಾರದೆ, ಕೆಲವೇ ದಿನಗಳಲ್ಲಿ ತರಗತಿಗೆ ಮರಳಲು ಬಯಸಿದರೆಂಬುದು ಪ್ರಸಿದ್ಧವಾದ ಕಥೆ. ಇಂಗ್ಲೆಂಡಿನ ಗ್ರಂಥಾಲಯಗಳನ್ನು ಕಂಡುಬಂದ ಮೇಲೆ ಮನಸ್ಸು ತಿರುಗಿತು. 1942ರಲ್ಲಿ ಶಾಲೆ ಕಾಲೇಜುಗಳ ಗ್ರಂಥಾಲಯಗಳ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪಾಠ ಹೇಳಿದವರ ಕೈಗೆ ಗ್ರಂಥಾಲಯ ಬಂದಾಗ ಅದು ಉಗ್ರಾಣವಾಗಿ ಉಳಿಯಲಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಷ್ಟನ್ನು ಕಲಿತ ಅಮೆರಿಕಾ ದೇಶವೂ ಅದನ್ನು ಉಳಿಸಿಕೊಂಡಿದೆಯೆನ್ನಲಾಗದು. ಹಣದ ಮುಗ್ಗಟ್ಟು ಬಂದಾಗ ಮೊದಲು ಕತ್ತರಿ ಬೀಳುವುದು ಗ್ರಂಥಪಾಲರ ಹುದ್ದೆಗೆ. ಫಿಲಡೆಲ್ಫಿಯಾ ನಗರದ ಸಾರ್ವಜನಿಕ ಶಾಲೆಗಳಲ್ಲಿ 1991ರಲ್ಲಿ ನೂರಕ್ಕೂ ಮೇಲ್ಪಟ್ಟು ಇದ್ದ ಗ್ರಂಥಪಾಲರು ಮುಂದಿನ ಮೂರು ದಶಕಗಳಲ್ಲಿ ಬೆರಳೆಣಿಕೆಗೆ ಇಳಿದರು.

ನಮ್ಮಲ್ಲಿಯೋ, ಅನೇಕ ಪ್ರೌಢಶಾಲೆಗಳಲ್ಲಿ ಕತ್ತರಿಸಲು ಆ ಹುದ್ದೆಯೇ ಇಲ್ಲ. ಕನ್ನಡದ ಅಥವಾ ಸಮಾಜ ಪಾಠದ ಉಪಾಧ್ಯಾಯರೊಬ್ಬರಿಗೆ ಪುಸ್ತಕಗಳ ಹೊಣೆಯನ್ನು ಹೆಚ್ಚುವರಿಯಾಗಿ ವಹಿಸಿರುತ್ತಾರೆ. ಇದನ್ನು ಬರಿಯ ದೌರ್ಭಾಗ್ಯವೆಂದು ಎಣಿಸುವುದು ವಾಡಿಕೆ. ಆದರೆ ಬ್ರೂಕ್ಲಿನ್ನಿನಲ್ಲಿಯೂ ಡೆಟ್ರಾಯಿಟ್‌ನಲ್ಲಿಯೂ ಯಾವ ಇಬ್ಬರನ್ನು ಒಂದೆಡೆ ಕೂರಿಸಲು ಅಷ್ಟು ಶ್ರಮಪಟ್ಟರೋ, ಆ ಇಬ್ಬರೂ ಇಲ್ಲಿ ಒಬ್ಬರಲ್ಲಿಯೇ ಇದ್ದಾರೆ. ಅವರಿಗೆ ಇಲ್ಲದಿರುವುದು ಗ್ರಂಥಾಲಯದ ಶಿಕ್ಷಣ ಮತ್ತು ಬಿಡುವು. ಪಾಠದ ಹೊರೆಯಲ್ಲಿ ವಾರಕ್ಕೆ ಎರಡು ಅವಧಿಗಳನ್ನು ಇಳಿಸಿಕೊಟ್ಟರೆ, ಮುಂದಿನ ತಿಂಗಳು ವಿಜಯನಗರದ ಪಾಠ ಬರುವುದೆಂದು ಚರಿತ್ರೆಯ ಉಪಾಧ್ಯಾಯರನ್ನು ಕೇಳಿ ತಿಳಿದು, ಅದಕ್ಕೊದಗುವ ಹತ್ತು ಪುಸ್ತಕಗಳನ್ನು ಬೀರುವಿನಿಂದ ತೆಗೆದಿಟ್ಟು, ಹುಡುಗರು ಎಲ್ಲಿ ತೊಡರುವರೋ ಅಲ್ಲಿ ಜೊತೆಗೆ ನಿಲ್ಲಲು ಅವರಿಗೆ ಸಾಧ್ಯವಾದೀತು. ವೇಳಾಪಟ್ಟಿಯನ್ನು ಬರೆಯುವವರು ಮುಖ್ಯೋಪಾಧ್ಯಾಯರು.